ಹನ್ನೊಂದು ಮಿಲಿಮೀಟರ್

ಮಾರ್ಚ್ 11, ಸೋಮವಾರ

ಇವತ್ತೂ ರೇಡಿಯೇಷನ್ ಮಷೀನ್ ನಡೆಸುವ ಹುಡುಗಿಯ ಜೊತೆ ಅದೇ ಜಗಳ. "ಅಂಕಲ್, ಮೂರು ಲೋಟ ನೀರು ಕುಡಿದ್ರಾ?" ಕುಡಿದೆ ಅಂದೆ. ಕುಡಿದದ್ದು ಒಂದೇ. ಮಷೀನ್ ಫೋಟೊ ತೆಗೆದು ಚಾಡಿ ಹೇಳಿತು. ಮೂತ್ರಕೋಶ ತುಂಬಿಲ್ಲವಂತೆ, ಅದರ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಜಾಗ ಬಿಟ್ಟಿದೆಯಂತೆ. ಎಬ್ಬಿಸಿ ಬೆಂಚಿಗೆ ಕಳಿಸಿದಳು. ನನ್ನ ಮಗಳಿಗಿಂತ ಚಿಕ್ಕವಳು! ಕ್ಯಾನ್ಸರ್ ನನ್ನದು, ದರ್ಬಾರು ಅವಳದು.

ಆಮೇಲೆ ಮಂಚ ಎರಡು ಮಿಲಿಮೀಟರ್ ಸರಿಸಿದಳು. ಎರಡು! ನಲವತ್ತು ವರ್ಷ ಟೇಪು ಹಿಡಿದ ಟೈಲರ್ ನಾನು, ಅಷ್ಟನ್ನು ಹೊಲಿಗೆಯೊಳಗೇ ನುಂಗಿಸುತ್ತೇನೆ. ಪುಣ್ಯಕ್ಕೆ ಫೋಟೊ ಸೋಮವಾರ ಮಾತ್ರ. ಉಳಿದ ದಿನ ಕಿರಣ ಬಿಡಲು ನನ್ನ ಸೊಂಟದ ಚರ್ಮದ ಮೇಲೆ ಅವಳು ಎಳೆದ ಮೂರು ಶಾಯಿ ಗೆರೆಯೇ ಲೆಕ್ಕ.

ಮಾರ್ಚ್ 12, ಸಂಜೆ

ಸ್ನಾನದಲ್ಲಿ ಮೂರೂ ಗೆರೆ ಹೋದವು. "ಅಳಿಸಿದ್ರೆ ನಂಗೆ ಹೇಳಿ, ನೀವು ಮುಟ್ಬೇಡಿ" ಅಂದಿದ್ದಳು. ಹೇಳಿದರೆ ಎಲ್ಲರೆದುರು ಮಂಗಳಾರತಿ. ಅಂಗಡಿಯ ಪೆನ್ನು ತಂದೆ. ಕನ್ನಡಿ ಮುಂದೆ ನಿಂತು, ಮಸುಕು ಗುರುತಿನ ಮೇಲೆ ಎಳೆದೆ.

"ಅವ್ರನ್ನೇ ಕೇಳ್ಬಾರ್ದಾ ರೀ?" ಹೆಂಡತಿ.

"ಪ್ಯಾಂಟಿಗೆ ಗುರುತು ಹಾಕೋಕೆ ಯಾರನ್ನ ಕೇಳಿದ್ದೆ ನಾನು?"

"ಸರಿ, ನೀವು ಹಿಡಿದ ಮೊಲಕ್ಕೆ ಮೂರೇ ಕಾಲು."

ಮಾರ್ಚ್ 15

ಮೂರು ದಿನವಾಯಿತು. ಮಹಾರಾಣಿಗೆ ಗೊತ್ತೇ ಆಗಿಲ್ಲ. ಇವತ್ತು ಮಾತ್ರ ಬಗ್ಗಿ ನೋಡಿದಳು. "ಗೆರೆ ಕಪ್ಪಗಿದೆಯಲ್ಲ ಅಂಕಲ್, ಯಾರು ತಿದ್ದಿದ್ದು?"

"ನೀನೇ ಅಲ್ವೇನಮ್ಮ, ಮೊನ್ನೆ?"

ದಿನಕ್ಕೆ ಅರವತ್ತು ಜನ ನೋಡುವವಳು. ನಂಬಿದಳು. ಮನೆಯವರೆಗೂ ನಗು ಬಂತು.

ಮಾರ್ಚ್ 18, ಸೋಮವಾರ

ಫೋಟೊ. ಡಾಕ್ಟರೇ ಒಳಗೆ ಬಂದರು. ಗೆರೆ ಹನ್ನೊಂದು ಮಿಲಿಮೀಟರ್ ಸರಿದಿದೆಯಂತೆ... ಮೂರು ದಿನದ ಕಿರಣ ಕರುಳಿನ ಕಡೆ ಬಿದ್ದಿದೆ. ನಿಂತಾಗಿನ ಚರ್ಮ ಮಲಗಿದರೆ ಜಾರುತ್ತದೆ. ನನಗೆ ಹೊಳೆಯಲೇ ಇಲ್ಲ. ಗಿರಾಕಿಯನ್ನು ಯಾವತ್ತು ಮಲಗಿಸಿ ಅಳತೆ ತೆಗೆದಿದ್ದೇನೆ?

"ಯಾರು ಎಳೆದದ್ದು ಇದನ್ನ?" ಡಾಕ್ಟರ್ ಕೇಳಿದರು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಸೊಂಟಕ್ಕೆ ಹೋಯಿತು. ಅವಳು ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ.

"ನಾನೇ ಇರ್ಬೇಕು ಸರ್... ನೆನಪಾಗ್ತಿಲ್ಲ" ಅಂದಳು.

ಮಾರ್ಚ್ 19

ಹೊಸಬನೊಬ್ಬ ಬಂದಿದ್ದಾನೆ. ಅವಳನ್ನು ಮಷೀನ್ ಬಿಡಿಸಿದ್ದಾರೆ, ಶುಕ್ರವಾರ ವಿಚಾರಣೆಯಂತೆ. ನೀರು ಕುಡಿದಿರಾ ಎಂದು ಅವನು ಕೇಳಲೇ ಇಲ್ಲ. ಇವತ್ತು ಮೂರೂ ಲೋಟ ಕುಡಿದು ಹೋಗಿದ್ದೆ. ಗೆರೆಯ ವಿಷಯ ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ಅಲ್ಲಾಡ್ಬೇಡಿ" ಅಂದ. ಅಲ್ಲಾಡಲಿಲ್ಲ.

ಮಾರ್ಚ್ 22, ಬೆಳಿಗ್ಗೆ 9

ಅವಳ ಮೇಲೆ ಕನಿಕರವೇನೂ ಇಲ್ಲ, ಈಗಲೂ ಕಂಡರಾಗದು. ಆದರೆ ಕೆಟ್ಟ ಕೆಲಸ ನನ್ನದು, ಹೆಸರು ಅವಳದು. ಇದು ನನಗೆ ಒಪ್ಪುತ್ತಿಲ್ಲ. ವಿಚಾರಣೆ ಹನ್ನೊಂದಕ್ಕೆ. ಗೆರೆ ಎಳೆದ ಅಂಗಡಿಯ ಪೆನ್ನು ಜೇಬಿನಲ್ಲಿದೆ, ತೋರಿಸಲು. ಬಾಯಿ ತೊದಲಬಾರದೆಂದು ಮೊದಲು ಇಲ್ಲಿ ಬರೆದು ನೋಡುತ್ತೇನೆ—

ಡಾಕ್ಟ್ರೇ, ಆ ಹುಡುಗಿದು ತಪ್ಪಿಲ್ಲ. ಆ ಗೆರೆ ಎಳೆದದ್ದು ನಾನು.