ಏಳೂವರೆಯ ಧ್ವನಿ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ನೀನೂ ಅಮ್ಮನೂ ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡಮಾಡಿದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಕಾಗದಕ್ಕೆ ಧ್ವನಿ ಬೇಕಾಗಿಲ್ಲ.

ಧಾರಾವಾಹಿಯಿಂದ ನನ್ನನ್ನು ತೆಗೆದು ಒಂದೂವರೆ ತಿಂಗಳಾಯಿತು. ಮೊದಲೇ ಚಿತ್ರೀಕರಿಸಿಟ್ಟ ಕಂತುಗಳು ಈ ಶುಕ್ರವಾರಕ್ಕೆ ಮುಗಿಯುತ್ತವೆ. ಹದಿನಾಲ್ಕು ವರ್ಷ ನಾನು ಮಾಡಿದ ದೊಡ್ಡ ಸೊಸೆಯ ಪಾತ್ರ ಸೋಮವಾರದಿಂದ ಇನ್ನೊಬ್ಬಳದು. ನೀನು ನೋಡುವ ಮೊದಲು ನಾನೇ ಹೇಳಬೇಕಿತ್ತು.

ಮೇಕಪ್ ಕೋಣೆಯಲ್ಲಿ ಅರ್ಧ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದಾಗ ಮ್ಯಾನೇಜರ್ ಬಂದ. "ಬೇಜಾರು ಮಾಡ್ಕೋಬೇಡಿ ಮೇಡಂ. ಇನ್ಮುಂದೆ ಈ ಪಾತ್ರದಲ್ಲಿ ಇವರು ಅಂತ ಪರದೆ ಕೆಳಗೆ ಒಂದು ಸಾಲು ಹಾಕ್ತೀವಿ. ಹೇಗೂ ಧ್ವನಿ ಅದೇ ಇರುತ್ತಲ್ಲ, ಜನಕ್ಕೆ ವಾರದಲ್ಲಿ ಅಭ್ಯಾಸ ಆಗುತ್ತೆ." ಬಣ್ಣ ಹಚ್ಚುವವಳು ಉಳಿದರ್ಧಕ್ಕೆ ಹಚ್ಚುವುದೋ, ಹಚ್ಚಿದ್ದನ್ನು ಒರೆಸುವುದೋ ತಿಳಿಯದೆ ಸ್ಪಂಜು ಹಿಡಿದು ನಿಂತಿದ್ದಳು.

ಧ್ವನಿಯ ವಿಷಯ ನಿನಗೆ ಗೊತ್ತು. "ಮುಖ ಚೆನ್ನಾಗಿದೆ, ಗಂಟಲು ಮಾತ್ರ ತಗಡು ಕೆರೆದ ಹಾಗಿದೆ" ಎಂದು ನಿರ್ದೇಶಕರು ಮೊದಲ ದಿನವೇ ಹೇಳಿದ್ದರು. ಅಂದಿನಿಂದ ನನ್ನ ಮಾತೆಲ್ಲ ಆಡಿದವಳು ಡಬ್ಬಿಂಗ್‌ನವಳು. ಸದಾ ನೆಗಡಿ, ಸದಾ ಬಾಯಲ್ಲಿ ಪೆಪ್ಪರ್‌ಮಿಂಟು. ಒಮ್ಮೆ ಸಿಕ್ಕಾಗ, "ನಿಮ್ಮ ತುಟಿ ನೋಡೀ ನೋಡೀ ಯಾವ ಹಲ್ಲು ಹುಳುಕು ಅಂತಾನೂ ಗೊತ್ತಾಗಿಹೋಗಿದೆ ನಂಗೆ" ಎಂದು ನಗಿಸಿದ್ದಳು. ಅವಳ ಮೇಲೆ ನನಗೆ ಕೋಪವಿಲ್ಲ.

ನಿನಗೆ ಹೇಳದ ಗುಟ್ಟೊಂದಿದೆ. ಹೇಗೂ ಅವಳು ತುಂಬುತ್ತಾಳೆಂದು ನಾನು ಸಂಭಾಷಣೆ ಕಲಿಯುವುದನ್ನೇ ಬಿಟ್ಟಿದ್ದೆ. ಮಾತು ಮರೆತಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ತುಟಿ ಆಡಿದರೆ ಸಾಕಿತ್ತು. ಧಾರಾವಾಹಿಯಲ್ಲಿ ನನ್ನ ಗಂಡ ಸತ್ತ ದೃಶ್ಯ ಕೇಳಿ ಅಮ್ಮ ಎರಡು ದಿನ ಊಟ ಬಿಟ್ಟಳೆಂದು ಬರೆದಿದ್ದೆಯಲ್ಲ, ಅಲ್ಲಿ ನಾನು ನಲವತ್ತೇಳರವರೆಗೆ ಎಣಿಸಿದ್ದೆ.

ಅಮ್ಮನ ಕಣ್ಣು ಹೋಗಿ, ನೆನಪೂ ಸಡಿಲವಾದ ಮೇಲೆ ನೀನು ದಿನಾ ಸಂಜೆ ಏಳೂವರೆಗೆ ಅವಳನ್ನು ಟೀವಿ ಮುಂದೆ ಕೂರಿಸಿ, "ಕೇಳಮ್ಮ, ನಿನ್ನ ಗಿಣಿ ಮಾತಾಡ್ತಿದಾಳೆ" ಎನ್ನುತ್ತಿದ್ದೆ. ಚಿಕ್ಕಂದಿನಲ್ಲಿ ಬಾಯಿ ಮುಚ್ಚದ ನನಗೆ ಅಮ್ಮನೇ ಇಟ್ಟ ಹೆಸರು. ಸಮಾಧಾನಕ್ಕೆ ಹೇಳಿದ ಸುಳ್ಳು; ನಾನೂ ಬೇಡವೆನ್ನಲಿಲ್ಲ. ತಿಂಗಳುಗಟ್ಟಲೆ ಫೋನ್ ಮಾಡದವಳಿಗೆ ಅದು ಅನುಕೂಲವೇ ಆಗಿತ್ತು.

ಇನ್ನು ಬಿಡುವಾಯಿತಲ್ಲ, ಬಂದು ಅಮ್ಮನ ಹತ್ತಿರ ಇದ್ದುಬಿಡು ಎನ್ನುತ್ತೀಯ. ನನಗೂ ಮೊದಲು ಹೊಳೆದದ್ದು ಅದೇ. ಸೂಟ್‌ಕೇಸನ್ನೂ ತುಂಬಿದ್ದೆ. ಅದಿನ್ನೂ ಬಾಗಿಲ ಹತ್ತಿರವೇ ಇದೆ. ಈಗ ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಡುತ್ತೇನೆ. ಬರುವುದಿಲ್ಲ ಅಕ್ಕಾ. ಟೀವಿ ಮಾತ್ರ ನಿಲ್ಲಿಸಬೇಡ. ಮುಖ ಬದಲಾದದ್ದು ಅಮ್ಮನಿಗೆ ತಿಳಿಯುವುದಿಲ್ಲ.

ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅವಳಿಗೆ ಈ ಚಿಕ್ಕಮ್ಮನ ಆಶೀರ್ವಾದ. ನಟಿಯಾಗುತ್ತೇನೆ ಎಂದರೆ ಬೆನ್ನಿಗೆ ಎರಡು ಬಿಡು. ಅಮ್ಮನ ಕೈ ಸ್ವಲ್ಪ ಹೊತ್ತು ಹಿಡಿದುಕೋ. ನನ್ನ ಪರವಾಗಿ ಎಂದು ಹೇಳಬೇಡ.

ನಿನ್ನ
ಗಿಣಿ

ಮರೆತಿದ್ದೆ: ನಿನ್ನ ಕಾಗದದಲ್ಲಿ ಒಂದು ತಮಾಷೆ ಇತ್ತು. ನೀನು ಕೆಲಸಕ್ಕೆ ಹೋದಾಗ ಮಧ್ಯಾಹ್ನ ಯಾವಳೋ ಫೋನ್ ಮಾಡಿ ಒಂದು, ಎರಡು, ಮೂರು ಎಂದು ಎಣಿಸುತ್ತಾಳೆ, "ಪಾಪ, ತಲೆ ಕೆಟ್ಟಿರಬೇಕು" ಅಂತಾಳೆ ಅಮ್ಮ ಎಂದು ನೀನು ಬರೆದಿದ್ದೆ. ಅದು ನಾನೇ. ಮೊದಲ ದಿನ "ಅಮ್ಮಾ, ನಾನು ಗಿಣಿ" ಎಂದೆ. "ನನ್ನ ಮಗಳ ಧ್ವನಿ ನಂಗೆ ಗೊತ್ತಿಲ್ವಾ? ಅವಳು ಬರೋದು ಏಳೂವರೆಗೆ. ನೀವು ಯಾರಮ್ಮ?" ಎಂದಳು. ಎಷ್ಟು ಸುಲಭದ ಪ್ರಶ್ನೆ. ಸೆಟ್‌ನಲ್ಲಿ ಮಾತು ಮರೆತಾಗಿನ ಹಾಗೆ ಎಣಿಸಿದೆ.