ಸೊಂಟದ ಹೊಲಿಗೆ

ಇವಳೇ,

ರಕ್ತ ಪರೀಕ್ಷೆಗೆ ಹೋಗುತ್ತಿದ್ದೇನೆ. ಹಾರ್ಮೋನು ನೋಡುವುದಕ್ಕೆ ಬೆಳಿಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲೇ ಬರಬೇಕಂತೆ. ಅದಕ್ಕೇ ನಿನ್ನನ್ನು ಎಬ್ಬಿಸಲಿಲ್ಲ. ಅಲ್ಲಿಂದ ನಡೆದುಕೊಂಡೇ ಅಂಗಡಿಗೆ ಹೋಗುತ್ತೇನೆ. ಸ್ಕೂಟರಿನ ಕೀಲಿ ನಿನ್ನ ಹತ್ತಿರವೇ ಇರಲಿ, ಕೇಳಿದರೂ ಕೊಡಬೇಡ.

ಊಟದ ಡಬ್ಬಿಗೆ ಅನ್ನ ಕಡಿಮೆ ಹಾಕು, ತರಕಾರಿ ಜಾಸ್ತಿ ಇರಲಿ. ಪಾಪ ಅಂತ ಮೇಲೆ ಇನ್ನೊಂದು ಸೌಟು ಸೇರಿಸಬೇಡ. ನಿನ್ನ ಆ ಪಾಪವೇ ನನ್ನ ಹೊಟ್ಟೆಯಾಗಿ ಕೂತಿರುವುದು.

ಡಾಕ್ಟರು ನಿನ್ನ ಎದುರಿಗೇ ಹೇಳಿದರಲ್ಲ, "ಸುಸ್ತು, ಸಿಡುಕು ಎಲ್ಲಾನೂ ವಯಸ್ಸಿನ ಮೇಲೆ ಹಾಕ್ಬೇಡಿ, ಮೊದಲು ಹೊಟ್ಟೆ ಕರಗಿಸಿ" ಅಂತ. ನಾನು ಗೋಡೆ ಕಡೆ ಮುಖ ತಿರುಗಿಸಿ ಮಲಗುತ್ತಿದ್ದದ್ದೂ ಆ ಸುಸ್ತಿಗೇ, ನಿನ್ನ ಮೇಲಿನ ಬೇಜಾರಿಗಲ್ಲ. ಇದನ್ನು ಬಾಯಲ್ಲಿ ಹೇಳಲು ಬರಲಿಲ್ಲ.

ಅಲ್ಲಿಂದ ವಾಪಸ್ ಬರುವ ದಾರಿಯಲ್ಲಿ ನೀನು ಅಂದ ಮಾತು ಮಾತ್ರ ಚೆನ್ನಾಗಿ ನಾಟಿತು: "ಬಿಗಿಯಾದಾಗಲೆಲ್ಲ ಪ್ಯಾಂಟಿನ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೊಂಡ್ರೆ, ಬೆಳೀತಿದೀನಿ ಅಂತ ಹೊಟ್ಟೆಗಾದ್ರೂ ಹೇಗೆ ಗೊತ್ತಾಗ್ಬೇಕು?" ದರ್ಜಿಯಾಗಿದ್ದಕ್ಕೆ ಅದೊಂದು ಅನುಕೂಲ ಅಂದುಕೊಂಡಿದ್ದೆ.

ಎದ್ದ ತಕ್ಷಣ ಎಲ್ಲ ಪ್ಯಾಂಟಿನ ಸೊಂಟದಲ್ಲೂ ಒಳಗೆ ಮಡಚಿಟ್ಟಿದ್ದ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ತೆಗೆದಿದ್ದೇನೆ. ಚೂರುಗಳು ಮೇಜಿನ ಮೇಲಿವೆ, ಒಲೆ ಒರೆಸಲು ಇಟ್ಟುಕೋ. ಇನ್ನು ಬಿಚ್ಚಿದರೂ ಸಡಿಲವಾಗುವುದಿಲ್ಲ, ನಾನೇ ಇಳಿಯಬೇಕು.

ಇನ್ನೊಂದು ಮಾತು. ಇವತ್ತಿನಿಂದ ಗೋಡೆ ಕಡೆ ನೀನು ಮಲಗು. ಆ ಕಡೆ ತಿರುಗಿ ಮಲಗುವ ಅಭ್ಯಾಸ ನನಗೆ ಇನ್ನು ಹೋಗುವುದಿಲ್ಲ.