ಮಹಾರಾಣಿಯ ಕೊನೆಯ ಬೇಟೆ

ಬೇಕರಿಯ ಹಿಂದಿನ ಕೋಣೆ,
ಮಾರ್ಚ್ 9, ಭಾನುವಾರ

ಪ್ರೀತಿಯ ಮಗಳೇ,

ನೀನು, ಅಳಿಯಂದಿರು, ನಮ್ಮ ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ತಾನೆ? ನಿನ್ನ ಸೊಂಟನೋವು ಹೇಗಿದೆ? ಕೂತು ಮಾಡುವ ಕೆಲಸ ಅಂತ ಕೂತೇ ಇರಬೇಡ, ಆಗಾಗ ಎದ್ದು ಓಡಾಡು. ನನ್ನ ಮಂಡಿ ಒಲೆಯ ಬಿಸಿಗೆ ಹೇಗೋ ನಡೆಯುತ್ತಿದೆ. ಅಮ್ಮ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ಈ ಸಲ ಬೈಯಲು ಕಾರಣವೂ ಇದೆ. ಮಹಾರಾಣಿ ಹೇಗಿದ್ದಾಳೆ ಅಂತ ನೀನು ಕೇಳಿದಾಗಲೆಲ್ಲ ನಾನು ಮಾತು ಮರೆಸುತ್ತಿದ್ದೆ. ನೀನು ಸಾಕಿದ ಆ ಬೆಕ್ಕು ಹೋಗಿಬಿಟ್ಟಿತು ಕಣಮ್ಮಾ. ಕೊಂದವನು ನಾನೇ ಅಂದರೂ ತಪ್ಪಿಲ್ಲ.

ಹಿಟ್ಟಿನ ಕೋಣೆಯ ಅಟ್ಟದಲ್ಲಿ ಗೂಬೆ ಇದ್ದದ್ದು ನಿನಗೆ ನೆನಪಿರಬೇಕು. ನೀನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಅದರದ್ದೋ ಅದರ ಮಕ್ಕಳದ್ದೋ ಸಂಸಾರ ಅಲ್ಲೇ. ಮೂಟೆಗಳ ಮೇಲೆಲ್ಲ ಹಿಕ್ಕೆ ಹಾಕುತ್ತದೆ ಅಂತ ರೇಗಿ, ಅದನ್ನು ಹೊರಗಟ್ಟಿ, ಗಾರೆಯವನನ್ನು ಕರೆಸಿ ಸೂರಿನ ಕಿಂಡಿ ಮುಚ್ಚಿಸಿದೆ. "ಇರ್ಲಿ ಬಿಡ್ರೀ, ಅದರ ಪಾಡಿಗೆ ಅದಿದೆ" ಅಂದಳು ಅಮ್ಮ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಇಲಿಗಳು ಆ ಕೋಣೆಯನ್ನು ತವರುಮನೆ ಮಾಡಿಕೊಂಡವು. ಮೂಟೆ ಕೊರೆದವು, ಯೀಸ್ಟ್ ಪೊಟ್ಟಣ ಹರಿದವು, ನನ್ನ ಚಪ್ಪಲಿಯನ್ನೂ ಬಿಡಲಿಲ್ಲ. ಮಹಾರಾಣಿಗೋ ಅರ್ಧ ಹಲ್ಲು ಉದುರಿದ ವಯಸ್ಸು. ಇಲಿ ಎದುರಾದರೆ ಇವಳೇ ದಾರಿ ಬಿಡುತ್ತಿದ್ದಳು. ಕೊನೆಗೆ ನಾನು ಇಲಿಪಾಷಾಣ ಇಟ್ಟೆ.

ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದೆ. ಮಹಾರಾಣಿ ಬಾಯಲ್ಲಿ ಇಲಿ ಕಚ್ಚಿಕೊಂಡು, ಬಾಲ ನೆಟ್ಟಗೆ ಮಾಡಿಕೊಂಡು ಬಂದು ನನ್ನ ಕಾಲ ಬಳಿ ಇಟ್ಟಳು. ಎಷ್ಟು ವರ್ಷದ ಮೇಲೆ! ಆ ಗತ್ತು ನೋಡಿ ನನಗೆ ಹಿಗ್ಗೋ ಹಿಗ್ಗು. "ಭೇಷ್ ಮುದುಕಿ, ಇನ್ನೂ ಕಸುವಿದೆ ನಿಂಗೆ, ತಿನ್ನು" ಅಂತ ಹಿಟ್ಟಿನ ಕೈಯಲ್ಲೇ ಬೆನ್ನು ತಟ್ಟಿದೆ. ಅಷ್ಟು ಮುದಿ ಬೆಕ್ಕಿಗೆ ಇಲಿ ಹೇಗೆ ಸಿಕ್ಕಿತು ಅಂತ ಒಂದು ಗಳಿಗೆಯೂ ಯೋಚಿಸಲಿಲ್ಲ. ವಿಷ ತಿಂದು ಕಾಲೆಳೆಯುತ್ತಿದ್ದ ಇಲಿ ಅದು. ವಾರದೊಳಗೆ ಅವಳ ವಸಡಿನಲ್ಲಿ ರಕ್ತ ಬಂತು. ಪಶುವೈದ್ಯರು ಇಂಜೆಕ್ಷನ್ ಕೊಟ್ಟರು, ಆಗಲೇ ತಡವಾಗಿತ್ತು. ಸತ್ತ ಇಲಿಗಳನ್ನು ಹಿತ್ತಲಿಗೆ ಎಸೆದಿದ್ದೆ, ಅವನ್ನು ತಿಂದ ಕಾಗೆಗಳೂ ಅಲ್ಲೇ ಬಿದ್ದಿದ್ದವು. ಉಳಿದ ಕಾಗೆಗಳು ಇತ್ತ ಸುಳಿಯುತ್ತಿಲ್ಲ. ಅಮ್ಮನ ಹುರುಳಿಕಾಯಿ ಬಳ್ಳಿಯ ತುಂಬ ಈಗ ಹುಳ.

ಈ ಬೇಕರಿ ನಡೆಸುವವನು ನಾನು ಅಂದುಕೊಂಡಿದ್ದೆ. ಸಂಬಳ ಕೇಳದೆ ಎಷ್ಟು ಜೀವಗಳು ಇಲ್ಲಿ ದುಡಿಯುತ್ತಿದ್ದವು ಅನ್ನುವುದು ಒಂದನ್ನು ಓಡಿಸಿದ ಮೇಲೆ ಗೊತ್ತಾಯಿತು. ಯಾರ ಮೇಲಾದರೂ ಗೂಬೆ ಕೂರಿಸೋಣವೆಂದರೆ ಇದ್ದೊಂದು ಗೂಬೆಯನ್ನೂ ನಾನೇ ಕಳಿಸಿದ್ದೇನೆ. ಕಿಂಡಿ ಮತ್ತೆ ಒಡೆಸಿದೆ. ಅದು ಬಂದಿಲ್ಲ. ಬಹಳ ಸಂಕಟವಾಗುತ್ತದೆ ಮಗಳೇ.

ಅಳಿಯಂದಿರನ್ನು ಕೇಳಿದೆ ಅಂತ ಹೇಳು. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಪ್ಪ

ಇನ್ನೊಂದು ಮಾತು: ರಜೆಗೆ ಬರುವ ಮೊದಲು ಪುಟ್ಟಿಗೆ ನೀನೇ ಹೇಳಿಬಿಡು, ನನ್ನ ಕೈಲಾಗದು. ಕಳೆದ ವಾರ ಫೋನಿನಲ್ಲಿ "ಮಹಾರಾಣಿ ಹತ್ರ ಮಾತಾಡ್ಬೇಕು" ಅಂತ ಹಟ ಹಿಡಿದಳಲ್ಲ, ಆಗ ಮಿಯಾಂವ್ ಅಂದದ್ದು ನಾನು. "ಅಜ್ಜಾ, ಅವಳಿಗೆ ಗಂಟಲು ಕಟ್ಟಿದೆ, ಬಿಸಿ ಹಾಲು ಕೊಡು" ಅಂದಳು. ಕೊಡ್ತೀನಿ ಪುಟ್ಟೀ ಅಂದೆ.